ಮೂವತ್ತೊಂದು ಸೆಕೆಂಡು

ಶಿರಿಯ ಅಳಿವೆ, ಏಳನೇ ಕಂಬದ ಗುಂಡಿ, ರಾತ್ರಿ ಎರಡೂವರೆ.
ಲಾಳಿಕೆಯ ತೂತಿಗೆ ಬೆರಳು ಒತ್ತಿ ನಿಂತಿದ್ದೇನೆ,
ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚು.
ಬೆರಳು ತೆಗೆದೆ.
ಬರಿನೀರಾದರೆ ಇಪ್ಪತ್ತಾರಕ್ಕೆ ತುಂಬುತ್ತದೆ ಮಗ್ಗು,
ನಮ್ಮ ದ್ರವ ನಲವತ್ತೈದು ತೆಗೆದುಕೊಳ್ಳಬೇಕು.
ಸಂಜೆ ತೆಗೆದುಕೊಂಡಿತ್ತು.
ಈಗ ಮೂವತ್ತೊಂದು.

"ಎಷ್ಟು ಸಾರ್?" ರಿಗ್ಗಿನ ಮೇಲಿಂದ ಸೇಲಂನ ಪಳನಿವೇಲು.
ಕೇಳಿಸದವನಂತೆ ಇನ್ನೊಮ್ಮೆ ಅಳೆದೆ.
ಅಮಾವಾಸ್ಯೆಯ ಭರತ. ಕಡಲು ಹೇಳದೆ ಕೇಳದೆ ಹೊಳೆಗೆ ನುಗ್ಗಿ
ನಮ್ಮ ಪಂಪಿನ ಬಾಯಿಗೇ ಬಂದು ಕೂತಿದೆ.
ನಾಲಗೆಯ ತುದಿಗೆ ಹಚ್ಚಿ ನೋಡಿದೆ:
ಹೌದು, ಅದೇ.

ಚೀಲದಲ್ಲಿರುವಾಗ ಪಾಲಿಮರ್ ಎಂದರೆ ಚಿರೋಟಿ ರವೆಯಂಥ ಪುಡಿ.
ಸಿಹಿನೀರಿಗೆ ಬಿದ್ದರೆ ಸುರುಳಿ ಬಿಚ್ಚಿ
ಮೈಚಾಚಿ ಮಲಗುವ ಸರಪಳಿ.
ಕೊಂಡಿ ಕೊಂಡಿಯ ಮೈಮೇಲೂ ಋಣ.
ಋಣ ಋಣವನ್ನು ದೂಡುತ್ತದೆ;
ಆ ದೂಡಾಟಕ್ಕೇ ಸರಪಳಿ ನೀಳ, ಆ ನೀಳಕ್ಕೇ ನೀರು ದಪ್ಪ,
ಆ ದಪ್ಪಕ್ಕೆ ಒರಗಿಕೊಂಡೇ ಮರಳಿನ ಗೋಡೆ
ಇಪ್ಪತ್ತೆರಡು ಮೀಟರು ಆಳಕ್ಕೆ ಕುಸಿಯದೆ ನಿಂತಿರುವುದು.

ಉಪ್ಪಿನ ಋಣ ಎನ್ನುತ್ತೇವೆ ನಾವು.
ಇಲ್ಲಿ ಉಪ್ಪೇ ಧನ.
ಕೊಂಡಿಯಿಂದ ಕೊಂಡಿಗೆ ಹೋಗಿ ಬಾಕಿ ತೀರಿಸಿ ಬರುತ್ತದೆ.
ಚಿಪ್ಪಿನಿಂದ ಕರಗಿದ ಸುಣ್ಣಕ್ಕಂತೂ ಎರಡು ಕೈ,
ಇಬ್ಬರ ಜುಟ್ಟು ಒಟ್ಟಿಗೇ ಹಿಡಿಯುತ್ತದೆ.
ಇನ್ನು ದೂಡಲು ಕಾರಣವಿಲ್ಲ.
ಮುಟ್ಟಿದ ಚೋರಟೆಯ ಹಾಗೆ ಸರಪಳಿ
ಚಕ್ಕುಲಿಯಾಗುತ್ತದೆ.
ಜಗಳ ನಿಂತ ಮನೆ. ನೀರು ತೆಳ್ಳಗೆ.

(ಕಾಸರಗೋಡಿನ ಕಚೇರಿಯ ಕಿಟಕಿಯೆದುರು
ನನ್ನ ಕನ್ನಡವೂ ಒಮ್ಮೆ ಹೀಗೆಯೇ...
ಬೇಡ, ಅದು ಬೇರೆ ಕತೆ.
ಆ ಗುಮಾಸ್ತೆ ಒಳ್ಳೆಯವಳೇ ಆಗಿದ್ದಳು.)

"ನಲವತ್ತೆರಡು ಅಂತ ಬರೀರಿ ಮಾರಾಯ್ರೆ,"
ಸೂಪರ್‌ವೈಸರ್ ಐತಪ್ಪ, ಕಣ್ಣು ಫೋನಿನ ಮೇಲೆ,
"ಬೆಳಗಾದ್ರೆ ಕಾಂಕ್ರೀಟು ಬರ್ತದೆ."
ಐದನೇ ಕಂಬಕ್ಕೆ ಹಾಗೇ ಬರೆದಿದ್ದೆ.
ಅದು ನಿಂತಿದೆ.
ಅದರ ಪಕ್ಕದಲ್ಲಿ ನಡೆಯುವಾಗ ಈಗಲೂ ಕಡಲಿನ ಕಡೆ ನೋಡುತ್ತೇನೆ.
ಕಂಪೆನಿಯ ಉಪ್ಪು ತಿಂದವನು ನಾನು;
ಉಪ್ಪು ತಿಂದದ್ದು ಹೇಗೆ ಮುದುಡುತ್ತದೆ ಎಂದು
ಈಗಷ್ಟೇ ಎರಡು ಸಲ ಅಳೆದವನು.

ಇಳಿತಕ್ಕೆ ಮರುವಾಯಿ ಹೆಕ್ಕಲು ಬಂದ ಕುಂಞಾಮಿನ
ಬುಟ್ಟಿ ಇಳಿಸಿ, ಬಕೆಟಿಗೆ ಕೈ ಅದ್ದಿ, ನಕ್ಕಳು.
"ನಿಮ್ಮ ಗೊಂಪು ಏಳಲಿಲ್ಲ.
ನಮ್ಮ ಬಾವಿಯಲ್ಲೂ ಏಳುವುದಿಲ್ಲ, ಏಪ್ರಿಲ್ ಬಂದರೆ ಉಪ್ಪು.
ದಾಸವಾಳದ ಎಲೆ ಎಷ್ಟು ಕಿವುಚಿದರೂ ನೂಲು ಬರುವುದಿಲ್ಲ.
ಪಳ್ಳಿಯ ಬಾವಿಯಿಂದ ಒಂದು ಕೊಡ ತರಬೇಕು,
ಮೊದಲು ಸಿಹಿನೀರಲ್ಲಿ ಕಿವುಚಬೇಕು.
ಆಮೇಲೆ ಯಾವ ನೀರು ಹೊಯ್ದರೂ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ."

ಚೆನ್ನೈಯ ತಣ್ಣನೆ ಕೋಣೆಯಲ್ಲಿ ಮೂರು ದಿನ ಕೂರಿಸಿ
ನನಗೆ ಹೇಳಿಕೊಟ್ಟದ್ದೂ ಇಷ್ಟೇ,
ದಾಸವಾಳ ಒಂದು ಬಿಟ್ಟು.

ರಿಜಿಸ್ಟರಿನಲ್ಲಿ ಬರೆದೆ: ೩೧.
ಐತಪ್ಪ ಮಾತಾಡಲಿಲ್ಲ, ಉಗುಳಿದ.
ಬಂದ್ಯೋಡಿನಿಂದ ಟ್ಯಾಂಕರು ಬರುವಾಗ ಆರು ಗಂಟೆ,
ಅಷ್ಟರೊಳಗೆ ಗುಂಡಿಯ ಆಳದಲ್ಲಿ ಎಲ್ಲೋ
ಒಂದಿಷ್ಟು ಮರಳು ಜಾರಿದ ಸದ್ದು. ಒಮ್ಮೆ. ಮತ್ತೊಮ್ಮೆ.
ಪಳನಿವೇಲು ಹಣೆ ಮುಟ್ಟಿಕೊಂಡ.
ಸಿಹಿನೀರಿಗೆ ಪುಡಿಯನ್ನು ಚಿಟಿಕೆ ಚಿಟಿಕೆ ಉದುರಿಸಿದೆವು,
ಅವಸರ ಮಾಡಿದರೆ ಮೀನಿನ ಕಣ್ಣಾಗಿ ಗಂಟು ಕಟ್ಟುತ್ತದೆ.

ನಲವತ್ತೈದು ಬರಲಿಲ್ಲ.
ನಲವತ್ತು.

ಹೆಬ್ಬೆರಳು ತೋರುಬೆರಳು ಒತ್ತಿ ಬಿಡಿಸಿದೆ:
ನೂಲು ಎಳೆಯಿತು, ಅರ್ಧ ಗೇಣು,
ಬಿಸಿಲು ಬಿದ್ದು ಒಂದು ಕ್ಷಣ ಹೊಳೆಯಿತು,
ಕಡಿಯಿತು.